ಹನುಮವ್ವನ ದೊಡ್ಡ ಮಗ

ತಮ್ಮ ಮನೆಗೆ ಅಡುಗೆಗೆ ಬರುವ ಹನುಮವ್ವನಿಗೆ ಇಬ್ಬರು ಗಂಡುಮಕ್ಕಳಿದ್ದಾರೆಂದು ರಮಾನಾಥರು ಬಹಳ ದಿನ ನಂಬಿಕೊಂಡಿದ್ದರು. ಅವರ ಲೆಕ್ಕದಲ್ಲಿ ಒಬ್ಬ ಸಾಧು, ಇನ್ನೊಬ್ಬ ಪೋಲಿ. ಸಾಧು ಸಂಜೆ ಹೊತ್ತು ತಾಯಿಯನ್ನು ಕರೆದೊಯ್ಯಲು ಅವರ ಮನೆ ಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ನಿಲ್ಲುತ್ತಿದ್ದ. ಪೋಲಿ ಮುಂಬಯಿಯ ಘಾಟ್ಕೋಪರ್ ಮೆಟ್ರೋದ ಮೆಟ್ಟಿಲುಗಳಲ್ಲಿ ಎದೆ ಸೆಟೆಸಿ ಇಳಿಯುತ್ತಿದ್ದ, ಮೂಗಿನ ನಡುವೆ ಒಂದು ಉಕ್ಕಿನ ಬಳೆ ತೂಗುಹಾಕಿಕೊಂಡು. ಮುಖ ಇಬ್ಬರದೂ ಒಂದೇ ಅಚ್ಚು.

ರಮಾನಾಥರು ತಮ್ಮ ಬಿಲ್ಡಿಂಗಿನ ಸೊಸೈಟಿಗೆ ಸೆಕ್ರೆಟರಿ, ಬಡಾವಣೆಯ ಕನ್ನಡ ಸಂಘಕ್ಕೆ ಅಧ್ಯಕ್ಷ. ಸಂಘದ ವಾರ್ಷಿಕ ಸಂಚಿಕೆಗೆ ‘ಯುವಜನತೆ ಎತ್ತ ಸಾಗುತ್ತಿದೆ?’ ಎಂಬ ಲೇಖನವನ್ನು ಪ್ರತಿ ವರ್ಷವೂ ಅವರೇ ಬರೆಯುತ್ತಿದ್ದರು. ಯುವಜನತೆ ಇನ್ನೂ ಎಲ್ಲಿಗೂ ಹೋಗಿ ಮುಟ್ಟಿಲ್ಲವಾದ್ದರಿಂದ ಲೇಖನವನ್ನು ಬದಲಿಸುವ ಅಗತ್ಯ ಬಿದ್ದಿರಲಿಲ್ಲ. ಮೂಢನಂಬಿಕೆಯ ಮೇಲೂ ಅವರದೊಂದು ಭಾಷಣವಿತ್ತು. ಅದನ್ನು ರಾಹುಕಾಲ ಕಳೆದ ಮೇಲೆ ಮಾಡುತ್ತಿದ್ದರು. ಅವರು ಒಂದು ಸಂಗತಿಯನ್ನು ನಂಬಿದರೆಂದರೆ ಅದು ಸೊಸೈಟಿಯ ಠರಾವಿದ್ದಂತೆ, ಮುಂದಿನ ಸಭೆಯವರೆಗೆ ಯಾರೂ ಅಲುಗಿಸುವಂತಿಲ್ಲ.

ನಿಜ ಇಷ್ಟೇ. ಸಾಧು, ಪೋಲಿ ಇಬ್ಬರೂ ಒಬ್ಬನೇ, ಹೆಸರು ಈಶ್ವರ. ಮೂಗಿನ ಬಳೆ ಲಾಳದ ಆಕಾರದ್ದು. ಎರಡು ಹೊಳ್ಳೆಗಳ ನಡುವಿನ ಗೋಡೆಯನ್ನು ತೂರಿ ಕೆಳಗೆ ಇಳಿಬಿದ್ದಿರುತ್ತಿತ್ತು. ಬೇಡವೆನಿಸಿದಾಗ ಅದರ ಎರಡು ತುದಿಗಳನ್ನು ಮೇಲಕ್ಕೆ ಮಗುಚಿದರೆ ಹೊಳ್ಳೆಯೊಳಗೆ ಅಡಗಿ ಕೂರುತ್ತಿತ್ತು. ಅಂಧೇರಿಯಿಂದ ಘಾಟ್ಕೋಪರಿಗೆ ಬರುವ ಮೆಟ್ರೋದಲ್ಲಿ ಈಶ್ವರ ಪೋಲಿ. ಅವ್ವ ಅಡುಗೆ ಮಾಡುವ ಬಿಲ್ಡಿಂಗಿನ ಗೇಟಿನ ಹತ್ತಿರ, ಪಾನ್ ಅಂಗಡಿಯ ಗೋಡೆಗೆ ಮುಖ ಮಾಡಿ ಸೀನುವವನಂತೆ ಬಗ್ಗಿ ಎದ್ದರೆ ಸಾಧು.

ಈಶ್ವರನಿಗೆ ಹದಿನೇಳು. ವಿಕ್ರೋಳಿಯ ಗುಡ್ಡದ ಮೇಲಿನ ಚಾಳಿನಲ್ಲಿ ಮನೆ, ವಿಲೆ ಪಾರ್ಲೆಯಲ್ಲಿ ಹನ್ನೆರಡನೆಯ ಕಾಮರ್ಸು. ಅಪ್ಪ ಸಾಯಬಣ್ಣ ಬಿಲ್ಡಿಂಗುಗಳಿಗೆ ಬಣ್ಣ ಹೊಡೆಯುವವನು. ಪನವೇಲ್ ಕಡೆಯ ಸೈಟಿನಲ್ಲೇ ಉಳಿದು ಯಾವಾಗಲೋ ಒಮ್ಮೆ ಮನೆಗೆ ಬರುತ್ತಿದ್ದ. ಅವ್ವ ಹನುಮವ್ವ ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದವಳು. ಮಾತು ಕಡಿಮೆ. ಆಡಿದರೆ, ಎದುರಿಗಿದ್ದವರಿಗೆ ಮುಂದೇನು ಹೇಳುವುದೆಂದು ತೋಚದಂಥ ಮಾತು. ಈಶ್ವರ ಅವಳನ್ನು ಕಾಲೇಜಿನವರ ಮುಂದೆ ‘ಮಮ್ಮಿ’ ಎನ್ನುತ್ತಿದ್ದ, ಮನೆಯೊಳಗೆ ‘ಯವ್ವಾ’.

ಅವನ ದುಃಖವೆಲ್ಲ ಅವನ ಮುಖದ್ದು. ಕೆಟ್ಟ ಮುಖವಾಗಿದ್ದರೆ ಅದಕ್ಕೊಂದು ಹೆಸರಾದರೂ ಬೀಳುತ್ತಿತ್ತು. ಇದು ಯಾರ ನೆನಪಿನಲ್ಲೂ ನಿಲ್ಲದ ಮುಖ. ಅಕೌಂಟ್ಸ್ ಸರ್ ಅವನನ್ನು ಸಚಿನ ಎಂದೇ ಕರೆಯುತ್ತಿದ್ದರು. ನಿಜವಾದ ಸಚಿನ ಕಾಲೇಜು ಬಿಟ್ಟು ಹೋಗಿ ಎಷ್ಟೋ ಕಾಲವಾಗಿತ್ತು. ಮೊದಮೊದಲು ತಿದ್ದಿ ನೋಡಿದ ಈಶ್ವರ ಆಮೇಲೆ ಹೋದವನ ಹೆಸರಿಗೇ ‘ಯೆಸ್ ಸರ್’ ಎನ್ನಲು ಕಲಿತ. ಹೀಗಿರುವಾಗ ಕ್ಯಾಂಟೀನಿನಲ್ಲಿ ಸೌಮ್ಯಾ ಎಂಬ ಹುಡುಗಿ ಅವನ ಕಡೆ ತಿರುಗಿ, “ತೇರಾ ನೋಸ್ ಅಚ್ಛಾ ಹೈ ಯಾರ್, ಸೆಪ್ಟಮ್ ಕರಾ ಲೇ” ಎಂದಳು, ಮೂಗಿನ ನಡುಗೋಡೆ ಚುಚ್ಚಿಸಿಕೋ ಎಂದು. ಅವಳು ಅದನ್ನು ಸಮೋಸಾ ತಿನ್ನುತ್ತ ಅಂದದ್ದು, ತಿಂದ ಮೇಲೆ ಮರೆತದ್ದು. ಈಶ್ವರನಿಗೆ ಮಾತ್ರ ಅದು ಆಕಾಶವಾಣಿಯಾಯಿತು.

ಪಾರ್ಲೆ ಸ್ಟೇಷನ್ನಿನ ಹತ್ತಿರ ಒಂದು ಮಹಡಿಯ ಮೇಲೆ ಟ್ಯಾಟೂ ಹಾಕುವ, ಚುಚ್ಚುವ ಅಂಗಡಿ. ಚುಚ್ಚುವವಳು ಗುಲಾಫಶಾ ಎಂಬ ತರುಣಿ. ಅವಳ ಹುಬ್ಬು, ತುಟಿ, ಕಿವಿಗಳಲ್ಲಿ ಖಾಲಿ ಜಾಗವೆಂಬುದೇ ಉಳಿದಿರಲಿಲ್ಲ. ಹೆಸರು ಕೇಳಿ, ಊರಿನ ಕಡೆ ಕೇಳಿ, “ಹೌದಾ? ನಮ್ ನಾನೀದು, ಅಜ್ಜೀದು, ಗದಗ” ಎಂದು ಅರ್ಧ ಕನ್ನಡಕ್ಕೆ ತಿರುಗಿದಳು.

“ಉಮ್ರ್ ಎಷ್ಟು?”

“ಹತ್ತೊಂಬತ್ತು,” ಎಂದ ಈಶ್ವರ. ಹದಿನೆಂಟು ಎಂದಿದ್ದರೆ ಸಾಕಿತ್ತು. ಹತ್ತೊಂಬತ್ತು ಯಾಕೆ ಬಾಯಿಗೆ ಬಂತೆಂದು ಅವನಿಗೇ ತಿಳಿಯಲಿಲ್ಲ. ಯಾರೋ ಪಕ್ಕದಲ್ಲಿ ನಿಂತು ಹೇಳಿಕೊಟ್ಟ ಹಾಗೆ ಬಂದಿತ್ತು.

ಅಂಗಡಿಯವರು ಚೀಟಿ, ಪುರಾವೆ ಏನನ್ನೂ ಕೇಳಲಿಲ್ಲ. ಗುಲಾಫಶಾ ಕೈಗವಸು ತೊಟ್ಟು, ದೀಪ ಹತ್ತಿರ ಎಳೆದು, ಅವನ ಬಲ ಹೊಳ್ಳೆಯ ಹೊರಮೈಯನ್ನು ಬೆರಳ ತುದಿಯಿಂದ ಒತ್ತಿ ನೋಡಿದಳು.

“ಇಲ್ಲಿ ಪಹಲೇ ಸೇ ಒಂದು ತೂತು ಐತಲ್ಲ.”

“ಇಲ್ಲ.”

“ಐತಿ. ಮುಚ್ಚಿಹೋಗೈತಿ. ಬಹಳ ಹಳೇದು.” ಅವಳು ನಕ್ಕಳು. “ನಿನ್ನ ಮೂಗು ನಿನಗೇ ಗೊತ್ತಿಲ್ಲೇನು? ಸರಿ, ತಲೆ ಹಿಂದ. ಉಸಿರು ಎಳಕೋ. ಬಿಡು.”

ಬಿಡು ಎನ್ನುವಷ್ಟರಲ್ಲಿ ಸೂಜಿ ಆಚೆ ದಾಟಿತ್ತು. ನೋವಿಗಿಂತ ಮೊದಲು ಕಣ್ಣೀರು ಇಳಿಯಿತು. ಈಶ್ವರ ಅಳಲಿಲ್ಲ, ಕಣ್ಣುಗಳು ತಮ್ಮಷ್ಟಕ್ಕೆ ಅತ್ತವು. ಕನ್ನಡಿಯಲ್ಲಿ ನೋಡಿಕೊಂಡ. ಮೊದಲ ಸಲ ಅಲ್ಲಿ ಒಬ್ಬ ಮನುಷ್ಯನಿದ್ದ.

ಗುಲಾಫಶಾ ಬೆರಳು ಎತ್ತಿ ಹೇಳಿದಳು: “ದಿನಕ್ಕೆ ಎರಡು ಸಲ ಉಪ್ಪುನೀರು. ಕೊಳೆ ಕೈಯಿಂದ ಮುಟ್ಟಬ್ಯಾಡ. ಬೋರಲು ಮಲಗಬ್ಯಾಡ. ಮತ್ತ ಇದನ್ನ ಮ್ಯಾಲೆ ಮಾಡೋದು, ಕೆಳಗ ಮಾಡೋದು, ಆ ಖೇಲ್ ಎರಡು ತಿಂಗಳು ನಕ್ಕೋ. ಹುಣ್ಣು ಆಗತೈತಿ.”

ಈಶ್ವರನ ಯೋಜನೆಯೆಲ್ಲ ನಿಂತಿದ್ದದ್ದು ಆ ಮೇಲೆ ಕೆಳಗಿನ ಆಟದ ಮೇಲೆಯೇ. ಅವನು ಗಂಭೀರವಾಗಿ ತಲೆಯಾಡಿಸಿದ. ಮೆಟ್ಟಿಲಿಳಿದು ಬೀದಿಗೆ ಬರುವುದರೊಳಗೆ ಎರಡು ಸಲ ಆಡಿ ನೋಡಿದ.

ಆಮೇಲೆ ಕೆಲವು ವಾರ ಎಲ್ಲವೂ ಸರಾಗ. ನಸುಕಿನಲ್ಲಿ ಅವ್ವ ನೀರು ಹಿಡಿಯಲು ಹೋದಾಗ ಉಪ್ಪುನೀರು ಬಿಸಿ ಮಾಡಿ ಹತ್ತಿಯಿಂದ ಒರೆಸಿಕೊಳ್ಳುತ್ತಿದ್ದ. ನಂತರ ಒಂದು ಸಂಜೆ ರಮಾನಾಥರು ಅವನನ್ನು ಬಾಗಿಲಲ್ಲೇ ಹಿಡಿದರು.

“ನಿಲ್ಲು ಮಾರಾಯ. ಈಗಷ್ಟೇ ಮೆಟ್ರೋ ಮೆಟ್ಟಿಲಲ್ಲಿ ಒಬ್ಬನನ್ನು ನೋಡಿದೆ. ಮೊನ್ನೆಯೂ ನೋಡಿದ್ದೆ. ಥೇಟ್ ನೀನೇ. ಆದರೆ ಮೂಗಿಗೆ ಎತ್ತಿಗೆ ಮೂಗುದಾರ ಹಾಕಿದ ಹಾಗೆ ಎಂತದೋ. ಯಾರದು?”

ನಾನೇ ಎಂದರೆ ಮಾತು ಸೀದಾ ಅಡುಗೆಮನೆಗೆ ಹೋಗುತ್ತದೆ. ಗೊತ್ತಿಲ್ಲ ಎಂದರೆ ಈ ಮನುಷ್ಯ ಕನ್ನಡಕ ಏರಿಸಿ ಮೂಗಿನೊಳಗೆ ಇಣುಕಿಯೇ ಇಣುಕುತ್ತಾರೆ.

“ಅಂವ ನಮ್ಮಣ್ಣ ರೀ, ಅಂಕಲ್.”

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿದ ಮೇಲೆ ಈಶ್ವರನೇ ಒಮ್ಮೆ ತಿರುಗಿ ಲಿಫ್ಟಿನ ಕಡೆ ನೋಡಿದ. ಲಿಫ್ಟು ಯಾರನ್ನೋ ಇಳಿಸಿ ಕೆಳಗೆ ಹೋಗುತ್ತಿತ್ತು. ಇಳಿದವರು ಯಾರೂ ಕಾಣಲಿಲ್ಲ.

ರಮಾನಾಥರಿಗೆ ಬಹಳ ಸಂತೋಷವಾಯಿತು. ಒಂದೇ ತಾಯಿಯ ಮಕ್ಕಳು, ಒಬ್ಬ ಹೀಗೆ, ಒಬ್ಬ ಹಾಗೆ. ಆ ಲೇಖನಕ್ಕೆ ಇಷ್ಟು ವರ್ಷ ಇಲ್ಲದಿದ್ದ ಉದಾಹರಣೆ ಕಾಲಿಗೆ ಬಂದು ತೊಡರಿತ್ತು. ಸಂತೋಷವನ್ನು ಅವರು ಒಂದು ವಾರ ಅದುಮಿಟ್ಟುಕೊಂಡರು. ಆಮೇಲೆ ಆಗಲಿಲ್ಲ. ಒಂದು ಸಂಜೆ ಈಶ್ವರ ಬಂದು ಬಾಗಿಲ ಹತ್ತಿರ ನಿಂತಾಗ, ಅವರು ಅಡುಗೆಮನೆಯ ಹೊಸ್ತಿಲ ಮೇಲೆ ಭಾಷಣಕ್ಕೆ ನಿಂತಿದ್ದರು.

“ಹನುಮವ್ವ, ಇದು ನಿನ್ನ ಮನೆ ವಿಷಯ, ಹೇಳಬಾರದು. ಆದರೆ ಸಮಾಜದ ದೃಷ್ಟಿಯಿಂದ ಹೇಳಬೇಕಾಗಿದೆ. ನಿನ್ನ ಚಿಕ್ಕ ಮಗ ಬಂಗಾರ. ದೊಡ್ಡವನನ್ನು ಮಾತ್ರ ಸ್ವಲ್ಪ ಹದ್ದುಬಸ್ತಿನಲ್ಲಿಡು.”

ಲಟ್ಟಣಿಗೆಯ ಸದ್ದು ನಿಂತಿತು. ಈಗ ಅವ್ವ ‘ಯಾವ ದೊಡ್ಡಾಂವ್ರೀ, ನನಗಿರೋದs ಒಂದು’ ಎನ್ನುತ್ತಾಳೆ, ರಮಾನಾಥರು ತನ್ನ ಕಡೆ ತಿರುಗುತ್ತಾರೆ, ಮುಗಿಯಿತು. ಈಶ್ವರ ಕಣ್ಣು ಮುಚ್ಚಿಕೊಂಡು ಕಾದ.

“ಎಲ್ಲಿ ನೋಡಿದ್ರೀ?” ಎಂದಳು ಹನುಮವ್ವ.

“ಸ್ಟೇಷನ್ನಿನಲ್ಲಿ. ಒಂದು ಸಲ ಅಲ್ಲ, ಎಷ್ಟೋ ಸಲ.”

“ತೆಳ್ಳಗ ಅದಾನೇನ್ರೀ?”

“ಎಂತದು?”

“ಮೈಯಾಗ. ತೆಳ್ಳಗ ಅದಾನೋ, ತುಂಬ್ಯಾನೋ?”

“ಸಾಧಾರಣ,” ಎಂದರು ರಮಾನಾಥರು, ದಾರಿ ತಪ್ಪಿದವರಂತೆ. “ಮಾತು ಅದಲ್ಲ ಹನುಮವ್ವ. ಮೂಗಿನದು. ಮೂಗಿಗೆ ಬಳೆ ಹಾಕಿಕೊಂಡು ತಿರುಗುತ್ತಿದ್ದಾನೆ.”

“ಬಳಿ?” ಹನುಮವ್ವ ಗ್ಯಾಸ್ ಆರಿಸಿದಳು. “ಬಳಿ ಇದ್ದಾಂವ ಹೊರಗದಾನ?”

“ಮತ್ತೆ? ಬಳೆ ಇಲ್ಲದವನು ಇಗೋ, ಬಾಗಿಲಲ್ಲಿದ್ದಾನೆ.”

ಹನುಮವ್ವ ಬಾಗಿಲ ಕಡೆ ನೋಡಿದಳು. ಹುಟ್ಟಿದಾಗಿನಿಂದ ಅವಳು ಅವನನ್ನು ಎಷ್ಟೋ ತರಹ ನೋಡಿದ್ದಳು, ಸಿಟ್ಟಿನಿಂದ, ಪ್ರೀತಿಯಿಂದ, ಸುಸ್ತಿನಿಂದ. ಹೀಗೆ ನೋಡಿರಲಿಲ್ಲ. ಗುರುತಿಲ್ಲದ ಯಾರೋ ಒಬ್ಬರು ಮನೆ ಮುಂದೆ ಬಂದು ನಿಂತಾಗ, ಎಲ್ಲಿಂದ ಬಂದವರಿವರು ಎಂದು ನೋಡುತ್ತಾರಲ್ಲ, ಆ ನೋಟ.

ವಿಕ್ರೋಳಿಯಲ್ಲಿ ಲೋಕಲ್ ಇಳಿದ ಮೇಲೆ ಗುಡ್ಡ ಹತ್ತುವಾಗ ಅವಳದೇ ಯಾವಾಗಲೂ ಮುಂದಿನ ಹೆಜ್ಜೆ. ಅವತ್ತು ಹಿಂದೆ ಉಳಿದಳು. ಅವನು ನಿಂತರೆ ತಾನೂ ನಿಂತಳು. ತಿರುಗಿ ನೋಡಿದಾಗ ಅವಳ ಕಣ್ಣು ಅವನ ಹಿಮ್ಮಡಿಗಳ ಮೇಲಿತ್ತು. ಅವು ಯಾವ ಕಡೆಗೆ ಮುಖ ಮಾಡಿವೆ ಎಂದು ಖಚಿತ ಮಾಡಿಕೊಳ್ಳುತ್ತಿದ್ದಂತೆ.

ಮನೆಯಲ್ಲಿ ದೇವರ ಪಟಗಳ ಕೆಳಗೆ ಒಂದು ಪುಟ್ಟ ಹಿತ್ತಾಳೆಯ ಬಟ್ಟಲು ಮೊದಲಿನಿಂದಲೂ ಇತ್ತು. ಅಮಾಸೆಗೊಮ್ಮೆ ಹನುಮವ್ವ ಅದರಲ್ಲಿ ಹಾಲು ಸಕ್ಕರೆ ಹಾಕಿ ಇಡುತ್ತಿದ್ದಳು. ಯಾವುದೋ ದೇವರ ಎಡೆ ಇರಬೇಕೆಂದು ಈಶ್ವರ ಯಾವತ್ತೂ ಕೇಳಿರಲಿಲ್ಲ. ಅವತ್ತು ಅಮಾಸೆಯಲ್ಲ. ಬಟ್ಟಲಿನ ಜಾಗದಲ್ಲಿ ದೊಡ್ಡ ಸ್ಟೀಲಿನ ತಾಟು. ಅದರ ಮೇಲೆ ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಮೆಣಸಿನ ಚಟ್ನಿ.

“ಇದು ಯಾರಿಗೆ?” ಎಂದ.

“ದೊಡ್ಡಾಂವ ಆಗ್ಯಾನಂತ,” ಎಂದಳು ಹನುಮವ್ವ. “ಹಾಲಿನ್ಯಾಗ ಏನಾಗತೈತಿ ಅಂವಂದು.”

ಬೆಳಿಗ್ಗೆ ತಾಟು ಬರಿದಾಗಿತ್ತು. ಬೆಕ್ಕು ಎಂದುಕೊಂಡ ಈಶ್ವರ. ಆ ಚಾಳಿನಲ್ಲಿ ಬೆಕ್ಕಿಗೆ ಬರವಿಲ್ಲ. ಆದರೆ ಕೆಂಪು ಚಟ್ನಿಯನ್ನು ಬಳಿದು ನೆಕ್ಕುವ ಬೆಕ್ಕನ್ನು ಅವನು ನೋಡಿರಲಿಲ್ಲ.

ಅಷ್ಟರಲ್ಲಿ ಮೂಗು ತನ್ನ ಕೆಲಸ ಶುರು ಮಾಡಿತ್ತು. ಗುಲಾಫಶಾ ಹೇಳಿದ್ದ ಹುಣ್ಣು. ತುದಿ ಕೆಂಪಗೆ ಉಬ್ಬಿ ಕೈ ತಾಗಿಸಿದರೆ ಜೀವ ಹೋಗುತ್ತಿತ್ತು. ಭಯಕ್ಕೆ ಬಳೆಯನ್ನು ಒಳಗೇ ಮಗುಚಿ ಇಟ್ಟ. ಧ್ವನಿ ಮೂಗಿನಿಂದ ಬರತೊಡಗಿತು. ಬೋರಲು ಮಲಗುತ್ತಿದ್ದವನು ಶವದಂತೆ ಅಂಗಾತ ಮಲಗತೊಡಗಿದ. ಬಿಸಿ ಅನ್ನದ ಹಬೆ ತಾಗಿದರೆ ಮುಖ ತಿರುಗಿಸುತ್ತಿದ್ದ. ಕದ್ದು ಉಪ್ಪು ಒಯ್ಯುತ್ತಿದ್ದ. ಒಮ್ಮೆ ಹನುಮವ್ವ ಹತ್ತಿರ ಬಂದು ಅವನ ಬಲ ಹೊಳ್ಳೆಯತ್ತ ಕೈ ಚಾಚಿದಾಗ, “ಮುಟ್ಟಬ್ಯಾಡ!” ಎಂದು ಚೀರಿ ಗೋಡೆಗೆ ಸರಿದ. ಅವಳು ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. ಅವನ ಒಂದೊಂದು ಆರೈಕೆಯೂ ಅವಳ ಮನಸ್ಸಿನಲ್ಲಿ ಒಂದೊಂದು ಸಾಕ್ಷಿಯಾಗುತ್ತಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಅವನ ಹಾಸಿಗೆಯಿಂದ ಮಾರು ದೂರ ನಿಂತು ಎಬ್ಬಿಸಿದಳು.

“ಏಳ್ರಿ. ಚಾ ಆರಾಕತ್ತೈತಿ.”

ಬೀಗರು ಯಾರಾದರೂ ಬಂದಿದ್ದಾರೆಯೇ ಎಂದು ಈಶ್ವರ ಎದ್ದು ಸುತ್ತ ನೋಡಿದ. ಕೋಣೆಯಲ್ಲಿ ಅವನೊಬ್ಬನೇ ಇದ್ದ.

“ಯವ್ವಾ, ಯಾರಿಗೆ ‘ರೀ’ ಅಂತೀ?”

ಅವಳು ಪುಟ್ಟ ಹಿತ್ತಾಳೆಯ ಬಟ್ಟಲನ್ನು ಅವನ ಮುಂದೆ ಸರಿಸಿದಳು. ತಣ್ಣನೆಯ ಹಾಲು, ಸಕ್ಕರೆ. ಚಹಾದ ಬಿಸಿ ಮೂಗಿಗೆ ಆಗದು; ಅವನು ಹಾಲನ್ನೇ ಎತ್ತಿ ಕುಡಿದ. ಕುಡಿಯುವಾಗ ಅವಳ ಕಣ್ಣಲ್ಲಿ ನೀರು ತುಂಬಿತು.

“ಇನ್ನೂ ಇದs ಸೇರತೈತಿ ನಿಮಗ,” ಎಂದಳು.

ಪಕ್ಕದ ಖೋಲಿಯಲ್ಲಿ ಬೀಬೀಜಾನ ಇದ್ದಳು. ಸೀರೆಗಳಿಗೆ ಫಾಲ್ ಹೊಲಿಯುತ್ತಿದ್ದಳು. ಕಲಬುರ್ಗಿ ಕಡೆಯವಳು, ಈಶ್ವರನಿಗೆ ಖಾಲಾ, ಚಿಕ್ಕಮ್ಮನ ಹಾಗೆ. ಅವನನ್ನು ‘ನನ್ನ ತೌಡಿನ ಮಗ’ ಎಂದು ಕರೆಯುವುದು ಅವಳ ವಾಡಿಕೆ. ಯಾಕೆಂದು ಅವನು ಇದನ್ನೂ ಕೇಳಿರಲಿಲ್ಲ. ತನ್ನ ಮುಖದ ಚಿಂತೆಯಲ್ಲಿ ಅವನಿಗೆ ಉಳಿದ ಪ್ರಶ್ನೆಗಳಿಗೆ ಪುರುಸೊತ್ತೇ ಸಿಕ್ಕಿರಲಿಲ್ಲ.

“ಖಾಲಾ, ಅವ್ವಗ ಏನಾಗೈತಿ? ನನಗ ‘ರೀ’ ಹಚ್ಚಿ ಮಾತಾಡಾಕತ್ತಾಳ. ತಾಟು ಬ್ಯಾರೆ ಇಡತಾಳ.”

ಬೀಬೀಜಾನ ಮಷೀನಿನಿಂದ ಕಾಲು ತೆಗೆದಳು. “ಆಕಿ ನನಗ ಹೇಳ್ಯಾಳ. ನಿನಗ ಹೇಳಬ್ಯಾಡ ಅಂದಾಳ.” ಸ್ವಲ್ಪ ಹೊತ್ತು ದಾರ ಸುತ್ತಿದಳು. “ನಿನಗ ಒಬ್ಬ ಅಣ್ಣ ಇದ್ದ, ಬೇಟಾ.”

ಈಶ್ವರನಿಗೆ ಲಿಫ್ಟಿನ ಬಾಗಿಲು ನೆನಪಾಯಿತು.

“ನಿನಗಿಂತ ಎರಡು ವರ್ಷ ದೊಡ್ಡಾಂವ. ಎಂಟು ತಿಂಗಳ ಕೂಸು, ಜ್ವರ ಬಂತು, ಹೋತು. ಆಮ್ಯಾಲ ನೀ ಹುಟ್ಟಿದಿ. ನಿಮ್ಮವ್ವ ಹೆದರಿ ನಿನ್ನ ಮೊರದಾಗ ಮಲಗಿಸಿ ನನಗ ಮಾರಿದ್ಲು. ನಾ ಒಂದು ಮೊರ ತೌಡು ಕೊಟ್ಟು ಕೊಂಡೆ. ಈ ಬಂಬಯ್ಯಾಗ ತೌಡು ಎಲ್ಲಿ ಸಿಗತೈತಿ? ಗಿರಣ್ಯಾಂವನ ಕಾಲು ಹಿಡಿದು ತಂದಿದ್ದೆ. ‘ಇದು ಹನುಮವ್ವನ ಕೂಸಲ್ಲ, ಬೀಬೀಜಾನನ ಕೂಸು’ ಅಂತ ಬಾಗಿಲದಾಗ ನಿಂತು ಕೂಗಿದ್ವಿ. ಸಾವಿಗೆ ಕೇಳಲಿ ಅಂತ.”

“ಸಾವು ನಂಬತಾ?”

“ನೀ ಬದುಕಿಲ್ಲೇನು? ನಂಬಿತು.” ಬೀಬೀಜಾನ ತನ್ನ ಬಲ ಹೊಳ್ಳೆ ಮುಟ್ಟಿಕೊಂಡಳು. “ಮತ್ತ ಇಲ್ಲಿ ಚುಚ್ಚಿ ತಾಮ್ರದ ಬಳಿ ಹಾಕಿದ್ವಿ. ಊನ ಇದ್ದ ಕೂಸನ್ನ ಸಾವು ಒಯ್ಯಂಗಿಲ್ಲ ಅಂತಾರ. ನಡಿಯಾಕ ಕಲಿತ ಮ್ಯಾಲ ಊರಿಗೆ ಹೋಗಿ ತೆಗೆಸಿ ದೇವರಿಗೆ ಒಪ್ಪಿಸಿದ್ರು. ನಿಮ್ಮವ್ವಗ ಅದೊಂದs ಗುರ್ತು. ಬಳಿ ಇದ್ದಾಂವ ಬದುಕಿದಾಂವ, ಬಳಿ ಇಲ್ಲದಾಂವ ಹೋದಾಂವ. ಈಗ ನಿಮ್ಮ ಸಾಹೇಬ್ರು ಇಬ್ಬರನ್ನ ನೋಡ್ಯಾರಂತ. ಬಳಿ ಇದ್ದಾಂವ ಸ್ಟೇಷನ್ಯಾಗ ಅಡ್ಡಾಡಾಕತ್ತಾನ. ಬಳಿ ಇಲ್ಲದಾಂವ ಮನ್ಯಾಗ ಉಣ್ಣಾಕತ್ತಾನ.”

ಇಷ್ಟು ಹೇಳಿ ಬೀಬೀಜಾನ ಅವನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದಳು. ಸ್ಟೂಲನ್ನು ಗೇಣಷ್ಟು ಹಿಂದಕ್ಕೆ ಸರಿಸಿಕೊಂಡಳು.

“ಖರೆ ಹೇಳು ಬೇಟಾ. ನೀ ಯಾರು?”

“ಖಾಲಾ! ನಾನs! ಬಳಿ ಮೂಗಿನ ಒಳಗೈತಿ!” ಎಂದು ಈಶ್ವರ ಎಲ್ಲವನ್ನೂ ಒದರಿದ. ಬೀಬೀಜಾನ ಕೇಳಿ ಮುಗಿಸಿ ಹಣೆ ಹಣೆ ಬಡಿದುಕೊಂಡಳು.

“ಅದು ಬದುಕಿದ್ರ ಹತ್ತೊಂಬತ್ತು ಆಗತಿತ್ತು,” ಎಂದಳು ಆಮೇಲೆ. “ಹೋಗು. ಇವತ್ತs ಆಕಿಗೆ ತೋರಿಸು.”

ಹತ್ತೊಂಬತ್ತು. ಚುಚ್ಚುವ ಅಂಗಡಿಯಲ್ಲಿ ತನ್ನ ಬಾಯಿಗೆ ಬಂದಿದ್ದ ಅದೇ ಲೆಕ್ಕವನ್ನು ಹೊತ್ತು ಈಶ್ವರ ತನ್ನ ಖೋಲಿಗೆ ಬಂದ.

ಭಾನುವಾರದ ಮಧ್ಯಾಹ್ನ. ಬಿಸಿಲಿಗೆ ತಗಡುಗಳು ಸಿಡಿಯುವ ಸದ್ದು ಬಿಟ್ಟರೆ ಇಡೀ ಗುಡ್ಡ ಮಲಗಿತ್ತು. ಅವನು ಕಪಾಟಿನ ಕನ್ನಡಿಯ ಮುಂದೆ ನಿಂತು ಬಳೆಯನ್ನು ಕೆಳಗಿಳಿಸಲು ನೋಡಿದ. ಬರಲಿಲ್ಲ. ಕೀವು ಒಣಗಿ, ಮಾಂಸ ಉಬ್ಬಿ, ಬಳೆ ಒಳಗೇ ಕಚ್ಚಿ ಕೂತಿತ್ತು. ಹಾಗಾದರೆ ಹಳೆಯ ತೂತು? ಗುಲಾಫಶಾ ಒತ್ತಿ ನೋಡಿದ್ದ ಜಾಗವನ್ನು ಬಲ ಹೊಳ್ಳೆಯ ಮೇಲೆ ಹುಡುಕಿದ. ಊದಿದ ಚರ್ಮ ನುಣ್ಣಗಿತ್ತು. ಕಲೆ ಇಲ್ಲ, ಚುಕ್ಕೆ ಇಲ್ಲ. ಮುಖವನ್ನು ಕನ್ನಡಿಗೆ ಇನ್ನೂ ಹತ್ತಿರ ತಂದ. ಯಾರ ನೆನಪಿನಲ್ಲೂ ನಿಲ್ಲದ ಆ ಮುಖ ಅವನನ್ನೇ ದಿಟ್ಟಿಸಿತು. ಇದು ನಾನೇ ಎಂದು ಹೇಳಲು ಅದರ ಮೇಲೆ ಏನೂ ಇರಲಿಲ್ಲ.

“ಅಂವನ್ನ ಒಳಗ ಕರಿ.”

ಹನುಮವ್ವ ಬಾಗಿಲಲ್ಲಿದ್ದಳು, ಬೆಳಕಿಗೆ ಬೆನ್ನು ಹಾಕಿ. ‘ರೀ’ ಹೋಗಿತ್ತು. ಧ್ವನಿ ಮಾತ್ರ ಮೊದಲಿಗಿಂತ ಮೆತ್ತಗಿತ್ತು.

“ನೀ ಬಂದದ್ದಕ್ಕ ನನಗ ಬ್ಯಾಸರಿಲ್ಲಪ್ಪಾ. ನೀನೂ ಇದs ಹೊಟ್ಟ್ಯಾಗ ಹುಟ್ಟಿದಾಂವ. ಬಂದಿ, ಉಂಡಿ, ಮಲಗಿದಿ. ಅಷ್ಟು ಸಾಕು. ಇನ್ನ ಅಂವನ್ನ ಒಳಗ ಕರಿ. ಬಿಸಲಾಗ ಎಲ್ಲೋ ಅಡ್ಡಾಡಾಕತ್ತಾನ.”

“ಯವ್ವಾ, ನಾನs ಈಶ್ವರ.”

“ಈಶ್ವರಗ ಬಳಿ ಐತಿ. ಸಾಹೇಬ್ರು ನೋಡ್ಯಾರ.”

“ನನಗೂ ಐತಿ. ಒಳಗ ಸಿಕ್ಕೊಂಡೈತಿ.”

“ನನ್ನ ಕೂಸನ್ನ ಕೊಡು,” ಎಂದಳು ಹನುಮವ್ವ. “ನಿನಗ ದಿನಾ ತಾಟು ಇಡತೀನಿ. ಅಮಾಸಿಗೆ ಅಲ್ಲ, ದಿನಾ. ಅದನ್ನ ಕೊಡು.”

ಈಶ್ವರನಿಗೆ ತಾನು ಈ ಮನೆಯಲ್ಲಿ ಯಾವತ್ತೂ ಇರಲೇ ಇಲ್ಲವೇನೋ ಅನ್ನಿಸಿತು. ಎರಡು ಬೆರಳು ಮೂಗಿಗೆ ತೂರಿ ಬಳೆಯನ್ನು ಹಿಡಿದು ಜಗ್ಗಿದ. ಕಣ್ಣಿಗೆ ಕತ್ತಲೆ ಬಂತು. ಬಳೆ ಬರಲಿಲ್ಲ, ರಕ್ತ ಬಂತು. ತುಟಿಗಿಳಿದು ಗಲ್ಲದಿಂದ ನೆಲಕ್ಕೆ ತೊಟ್ಟಿಕ್ಕಿತು.

ಹನುಮವ್ವ ನೆಲದ ಮೇಲಿನ ರಕ್ತವನ್ನು ನೋಡಿದಳು. ಬಗ್ಗಿ ಬೆರಳಿನಿಂದ ಮುಟ್ಟಿದಳು. ಬಿಸಿಯಾಗಿತ್ತು. ಒಲೆಯ ಹತ್ತಿರ ಹೋಗಿ ನೀರಿಟ್ಟಳು, ಉಪ್ಪು ಹಾಕಿದಳು, ಹಳೆಯ ಸೀರೆಯ ಅಂಚು ಹರಿದಳು.

“ಮಲಕೋ,” ಎಂದು ತೊಡೆ ತೋರಿಸಿದಳು.

ಅವಳ ಕೈಗೆ ಈ ಕೆಲಸ ಹೊಸದಾಗಿರಲಿಲ್ಲ. ಬಿಸಿ ಬಟ್ಟೆ ಒತ್ತಿ ಹಿಡಿದು, ತೆಗೆದು, ಮತ್ತೆ ಒತ್ತಿ, ಹಕ್ಕಳೆ ನೆನೆದು ಬಿಡುವವರೆಗೆ ಕಾದಳು. ಕೂಸಿನ ಮೂಗಿನಲ್ಲಿ ತಾಮ್ರದ ಬಳೆ ಕಚ್ಚಿಕೊಂಡಾಗ ಹೀಗೆಯೇ ಮಾಡಿದ್ದಳಂತೆ. ಎಷ್ಟೋ ಹೊತ್ತಿನ ಮೇಲೆ ಒಂದು ಸಣ್ಣ ಎಳೆತ. ಬಳೆ ಜಾರಿ ಕೆಳಗಿಳಿದು ಅವನ ತುಟಿಗೆ ತಣ್ಣಗೆ ತಾಗಿತು.

ಹನುಮವ್ವ ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಬಿಟ್ಟಳು. ಮತ್ತೆ ಹಿಡಿದು ನೋಡಿದಳು. ಆಮೇಲೆ ಅವನ ಕೆನ್ನೆಗೆ ಒಂದು ಬಾರಿಸಿದಳು. ಮೂಗು ತಪ್ಪಿಸಿ, ಬರೀ ಕೆನ್ನೆಗೆ.

“ಓದಾಕ ಕಳಿಸಿದ್ರ ಎತ್ತಾಗಿ ಬಂದೀಯಲ್ಲೋ ಭಾಡ್ಯಾ!”

ಆ ಬೈಗುಳದಲ್ಲಿ ‘ರೀ’ ಇರಲಿಲ್ಲ. ಈಶ್ವರನಿಗೆ ಹೋದ ಜೀವ ಬಂದಂತಾಯಿತು. ಅವನು ಅಳತೊಡಗಿದ; ಈ ಸಲ ಕಣ್ಣುಗಳ ಜೊತೆ ಅವನೂ ಅತ್ತ.

ಡಾಕ್ಟರು ಗುಳಿಗೆ, ಮುಲಾಮು ಕೊಟ್ಟು, ಹುಣ್ಣು ಮಾಯುವವರೆಗೆ ಬಳೆ ತೆಗೆಯಬೇಡ, ಮೇಲೆ ಮಗುಚಲೂ ಬೇಡ ಎಂದರು. ಹುಣ್ಣು ಮಾಯಿತು. ಅಷ್ಟರಲ್ಲಿ ಈಶ್ವರನಿಗೆ ಆ ಬಳೆಯ ಸಹವಾಸವೇ ಸಾಕಾಗಿತ್ತು. ತೆಗೆದುಬಿಡುತ್ತೇನೆ ಎಂದ.

“ಮುಟ್ಟಿದ್ರ ಕೈ ಮುರೀತೀನಿ,” ಎಂದಳು ಹನುಮವ್ವ. “ಇರಲಿ. ಗುರ್ತು.”

ಈಗ ಪ್ರತಿ ಬೆಳಿಗ್ಗೆ ಅವಳೇ ಅವನನ್ನು ಬೆಳಕಿಗೆ ತಿರುಗಿಸಿ, ಬಳೆ ಇದೆಯೇ ಎಂದು ನೋಡಿ, ಉಪ್ಪುನೀರಿನಿಂದ ಒರೆಸಿ ಕಾಲೇಜಿಗೆ ಕಳಿಸುತ್ತಾಳೆ. ಅವ್ವ ತೊಳೆದು ಕಳಿಸುವ ಮೂಗುಬಳೆಯಲ್ಲಿ ಪೋಲಿತನ ಎಷ್ಟು ದಿನ ಉಳಿದೀತು? ಸೌಮ್ಯಾಳಿಗೆ ಸಂಗತಿ ತಿಳಿದು, “ಸೋ ಸ್ವೀಟ್” ಎಂದು ಅವನ ತಲೆ ಸವರಿ ಹೋದಳು. ಅಕೌಂಟ್ಸ್ ಸರ್ ಮಾತ್ರ ಮೊದಲ ಸಲ ಅವನ ಮುಖವನ್ನು ಗಮನಿಸಿ, ಮೂಗಿನ ಕಡೆ ಬೆರಳು ತೋರಿಸಿ, “ಸಚಿನ, ಯೆ ನಾಕ್ ಮೇ ಕ್ಯಾ ಹೈ?” ಎಂದು ಕೇಳಿದರು.

ತಾಟು ನಿಲ್ಲಲಿಲ್ಲ. ಮಾತು ಕೊಟ್ಟಾಗಿದೆ ಎಂದಳು ಹನುಮವ್ವ. ದಿನವೂ ರಾತ್ರಿ ಇಡುತ್ತಾಳೆ, ಬೆಳಿಗ್ಗೆ ಬರಿದಾಗಿರುತ್ತದೆ, ತೊಳೆದು ಬೋರಲು ಹಾಕುತ್ತಾಳೆ. ಬೆಕ್ಕು ಎಂದು ಈಶ್ವರ ಈಗಲೂ ಹೇಳಿಕೊಳ್ಳುತ್ತಾನೆ, ಸ್ವಲ್ಪ ಜೋರಾಗಿಯೇ.

ರಮಾನಾಥರಿಗೆ ಅವನೇ ಹೋಗಿ, ಬಳೆ ಕೆಳಗೆ ಬಿಟ್ಟುಕೊಂಡು, ತಪ್ಪೊಪ್ಪಿಕೊಂಡ. ಅವರಿಗೆ ಬೇಸರವಾದದ್ದು ಸುಳ್ಳಿಗಲ್ಲ, ಲೇಖನದ ಇಬ್ಬರಲ್ಲಿ ಒಬ್ಬ ಕೈಬಿಟ್ಟು ಹೋದದ್ದಕ್ಕೆ. ಅಣ್ಣನ ಕಥೆಯನ್ನೂ ಕೇಳಿದರು. ಕೇಳಿದ ಮೇಲೆ ಅವರ ಮುಖದಲ್ಲಿ ಏನೋ ಜಾರಿತು.

“ಆದರೆ ನಾನು ಇಬ್ಬರನ್ನೂ ಒಟ್ಟಿಗೆ ನೋಡಿದ್ದೇನಲ್ಲ,” ಎಂದರು. “ಒಂದು ದಿನ, ಬ್ರಿಜ್ಜಿನ ಮೇಲೆ. ಮುಂದೆ ಬಳೆಯವನು ಹೋಗುತ್ತಿದ್ದ. ಸ್ವಲ್ಪ ಹಿಂದೆ ಇನ್ನೊಬ್ಬ, ಅವನ ಬೆನ್ನನ್ನೇ ನೋಡಿಕೊಂಡು.”

“ಕನ್ನಡಕದ ನಂಬರು ಬದಲಿಸಿ ಎಂದು ಎಷ್ಟು ಸಲ ಹೇಳಿದೆ,” ಎಂದರು ಅವರ ಹೆಂಡತಿ ಶೀಲಾವತಿ, ಸೊಪ್ಪು ಬಿಡಿಸುತ್ತ.

“ನನ್ನ ಕಣ್ಣು ಸರಿಯಿದೆ ಮಾರಾಯ್ತಿ.”

ಅಡುಗೆಮನೆಯಲ್ಲಿ ಹನುಮವ್ವ ಚಪಾತಿ ಲಟ್ಟಿಸುತ್ತಿದ್ದಳು. ರಮಾನಾಥರು ಎದ್ದು ಹೊಸ್ತಿಲವರೆಗೆ ಹೋದರು, ಹಿಂದಿರುಗಿದರು, ಮತ್ತೆ ಹೋದರು. ಸಭೆಯಲ್ಲಿ ಮಾಡುವಂತೆ ಗಂಟಲು ಸರಿಮಾಡಿಕೊಂಡರು.

“ಹನುಮವ್ವ, ನಾನು ಇಂಥದನ್ನೆಲ್ಲ ನಂಬುವವನಲ್ಲ. ವೈಜ್ಞಾನಿಕ ದೃಷ್ಟಿಯಿಂದ ಕೇಳುತ್ತಿದ್ದೇನೆ ಅಷ್ಟೆ. ಎಂಟು ತಿಂಗಳಿಗೆ ತೀರಿಕೊಂಡ ಕೂಸು. ಅದು ಇಷ್ಟೆತ್ತರ ಆಗುವುದು ಹೇಗೆ? ಸತ್ತವರೂ ಬೆಳೆಯುತ್ತಾರೇನು?”

ಹನುಮವ್ವ ಚಪಾತಿಯನ್ನು ಹಂಚಿನ ಮೇಲೆ ಹಾಕಿ, ಕೈಗಂಟಿದ ಹಿಟ್ಟು ಕೊಡವಿದಳು.

“ಉಣ್ಣಾಕ ಹಾಕಿದ್ರ ಬೆಳೀತಾರ್ರಿ.”